ಕಬರಿಯ ಚಟ

ಡೇರಿ ಮೌಲಾಸಾಬ ಅಳತಿ ಪಾತ್ರಿ ಬಗ್ಗಿಸಿ ನೋಡಿ
"ಅಕ್ಕಾರ, ಮತ್ತ ಎರಡು ಲೀಟರ ಕಡಿಮಿ" ಅಂದ.
ಹಿಂದ ನಿಂತ ಹೆಣ್ಣಮಕ್ಕಳು ಕ್ಯಾನು ಬದಲಿಸಿಕೊಂಡರು
ಈ ಕೈಯಿಂದ ಆ ಕೈಗೆ. ಯಾರೂ ನಗಲಿಲ್ಲ.
ನಗದೇ ಇದ್ದದ್ದೇ ಜೋರಾಗಿ ಕೇಳಿಸಿತು.

ಮೊದಲ ಅನುಮಾನ ಓರಗಿತ್ತಿ ಮ್ಯಾಲೆ.
ಆಮ್ಯಾಲೆ ಅವಳ ಮಗನ ಮ್ಯಾಲೆ. ಆಮ್ಯಾಲೆ, ದೇವರು ಕ್ಷಮಿಸಲಿ,
ಹಲ್ಲಿಲ್ಲದ ಅತ್ತಿಯ ಚಹಾದ ಬಟ್ಟಲ ಮ್ಯಾಲೆ.

ಕರೆಂಟು ಹೋದ ಒಂದು ರಾತ್ರಿ
ದನದ ಮನಿಯೊಳಗ ಚಪ್ಪ ಚಪ್ಪ ಸಪ್ಪಳ.
ಮೊಬೈಲಿನ ಬೆಳಕು ಹಿಡದೆ:
ಎರಡೂವರಿ ವರ್ಷದ ಮಣಕ, ನಮ್ಮ ಕಬರಿ,
ಗೇಣುದ್ದ ಕೋಡು, ಹೊಟ್ಟ್ಯಾಗ ಮೂರು ತಿಂಗಳ ಗಬ್ಬ,
ಮುಂಗಾಲು ಮಡಚಿ ಮೊಣಕಾಲೂರಿ
ಕೆಂದಿಯ ಕೆಚ್ಚಲಕ್ಕ ಬಾಯಿ ಹಚ್ಚಿತ್ತು.
ಕೆಂದಿ ಗ್ವಾದಲಿಯೊಳಗ ಕಣಕಿ ತಿನ್ನುತ್ತಿತ್ತು
ತನಗೇನೂ ಸಂಬಂಧ ಇಲ್ಲದವರ ಹಂಗ.

ಬೇವಿನ ತಪ್ಪಲ ಅರೆದು ಮೊಲಿಗೆ ಹಚ್ಚಿದೆ. ನೆಕ್ಕಿ ಕುಡಿಯಿತು.
ಸಗಣಿ ಬಳದೆ. ತೊಳೆಯೋ ಕೆಲಸ ನನಗೇ ಹೆಚ್ಚಾತು.
ಬ್ಯಾಡಗಿ ಮೆಣಸಿನಕಾಯಿ ಕುಟ್ಟಿ ಎಣ್ಣ್ಯಾಗ ಕಲಸಿದೆ.
ಅದರ ಬಣ್ಣ ಎಷ್ಟು, ಖಾರ ಎಷ್ಟು, ಇಡೀ ಹಾವೇರಿಗೆ ಗೊತ್ತು.
ಮುಂಜಾನೆದ್ದು ನೋಡಿದರ
ಕಬರಿಗೆ ಕೆಂಪು ಮೀಸಿ ಬಂದಿತ್ತು.

ಆಗ ನಮ್ಮವರು ಹಳೇ ಗಿರಣಿ ಬೆಲ್ಟಿನ ತುಂಡು ತಂದು
ಒಂದೊಂದೇ ಮೊಳಿ ಬಡಿಯಲಿಕ್ಕೆ ಕುಂತರು.
ಅತ್ತಿ ಕಟ್ಟಿ ಮ್ಯಾಲೆ ಎಲಿ ಅಡಕಿ ಕುಟ್ಟುತ್ತ:
"ಫಕೀರಾ, ನೀ ಒಂದನೇತ್ತೆ ಸಾಲಿಯಿಂದ ಬಂದು
ಪಾಟೀಚೀಲ ಒಗದು ನನ್ನ ಸೆರಗಿಗೆ ಕೈ ಹಾಕತಿದ್ದಿ.
ನಿನ್ನ ಮೂತಿಗೆ ಯಾರು ಮೊಳಿ ಬಡದಿದ್ರೋ?"
ಒಂದು ಮೊಳಿ ಡೊಂಕಾತು.
ನಾನು ಒಳಗ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡೆ.

ಮೊಳಿ ಚುಚ್ಚಿದಾಗ ಕೆಂದಿ ಒಮ್ಮೆ ಒದ್ದಿತು.
ಎರಡನೇ ಸಲ ಕಾಲೆತ್ತಿ, ಹಂಗ ಹಿಡಿದು, ಮೆಲ್ಲಕ ಇಳಿಸಿತು.
ಮೂರನೇ ದಿನಕ್ಕ ಕಬರಿ ಮೂತಿ ಓರಿ ಮಾಡೋದು ಕಲಿತಿತ್ತು.
ಕೆಚ್ಚಲದ ಗೀರಿಗೆ ಅರಿಷಿಣ ಹಚ್ಚುವಾಗ ನೆನಪಾತು
ಹನ್ನೊಂದು ದಿನದ ಹೋರಿಗರ,
ಗೊಬ್ಬರದ ಚೀಲದಾಗ ಸುತ್ತಿ
ಬದುವಿನ ಬನ್ನಿ ಗಿಡದ ಬುಡಕ ಹುಗದು ಬಂದದ್ದು.
ಅವತ್ತು ಸಂಜಿಗೂ ನಾ ಹಿಂಡಿದ್ದೆ.

ಹಾವೇರಿ ಸಂತಿಗೆ ಹೊಡಕೊಂಡು ಹೋದರು.
ಟವೆಲ್ಲಿನ ಕೆಳಗ ಬೆರಳಿಗೆ ಬೆರಳು ಕೂಡಿ
ರೇಟು ಇನ್ನೇನು ಕುದುರಬೇಕು,
"ಚಟಾ ಗಿಟಾ ಏನೂ ಇಲ್ಲಲ್ಲ ಗೌಡ್ರ?" ಅಂದನಂತ ದಲಾಲಿ.
ಇವರು ಟವೆಲ್ಲಿನ ಅಂಚು ನೋಡುತ್ತ ಹೇಳೇಬಿಟ್ಟರಂತ.
ಬೆರಳು ಒಂದೊಂದಾಗಿ ಬಿಟ್ಟವು.
ಕತ್ತಲಾತು, ಮರುದಿನ ಇನ್ನೊಂದು ಊರಿನ ಸಂತಿ,
ಅಲ್ಲೂ ಅದೇ ಮಾತು.

ಆ ಎರಡು ದಿನ ಕೆಂದಿ ಹಾಲು ಏರಿಸಿಕೊಂಡು ನಿಂತಿತ್ತು.
ಹಿಂಡಿ ಇಟ್ಟೆ, ಬೆಲ್ಲ ಇಟ್ಟೆ, ಬಿಸಿನೀರಿಂದ ಒರಸಿದೆ.
ನನ್ನ ಕೈಗೆ ಸಿಕ್ಕದ್ದು ತಂಬಗಿ ತಳದ ಶಬ್ದ ಅಷ್ಟೇ.
ಮೂರನೇ ಸಂಜಿ
ಓಣಿ ತಿರುವಿನ ಫರಸಿ ಮ್ಯಾಲೆ ಗೊರಸಿನ ಸಪ್ಪಳ.
ನನಗಿನ್ನೂ ಗುರುತು ಹತ್ತಿರಲಿಲ್ಲ,
ಕೆಂದಿ ಕಿವಿ ನಿಗರಿಸಿ ಹ್ಞೂಂ ಅಂತ ಕೂಗಿತು.
ನೋಡತೀನಿ, ನಾಲ್ಕೂ ಮೊಲಿಯಿಂದ
ಹಾಲು ತಾನ ಇಳಿದು ನೆಲ ತೋಯುತ್ತಿತ್ತು.

ತಂಬಗಿ ಎಳಕೊಂಡು ಕುಂತೆ.
ಓಡಿ ಬಂದ ಕಬರಿಯ ಹಗ್ಗ ಜಗ್ಗಿ
"ಕಟ್ರಿ, ಅಲ್ಲೇ, ಅದರ ಕಣ್ಣ ಮುಂದ ಕಟ್ರಿ" ಅಂದೆ.
ಕೆಂದಿ ಅದರ ಹಣಿ ನೆಕ್ಕುತ್ತ ನಿಂತಿತು,
ನೆಕ್ಕಿದಷ್ಟೂ ಹೊತ್ತು ನಾ ಹಿಂಡಿದೆ.
ಕಡೀಕ ಒಂದು ಮೊಲಿ ಬಿಟ್ಟೆನೋ ಇಲ್ಲೋ
ಅದು ಡೇರಿಯವರಿಗೆ ಸಂಬಂಧ ಇಲ್ಲದ ಮಾತು.

"ಐದೂವರಿ!" ಅಂದ ಮೌಲಾಸಾಬ.
"ಕಳ್ಳ ಸಿಕ್ಕನ ಅಕ್ಕಾರ?"
ಸಿಕ್ಕಾಳಪ್ಪ.
ದಿನಾ ಮುಂದ ನಿಂದ್ರಿಸಿಕೊಂಡೇ ಹಿಂಡತೀನಿ.